ಮೂವತ್ತು ಹೆಜ್ಜೆ ಅಗಲದ ಬೀದಿಯಲ್ಲಿ ಅಂಜಮ್ಮ

ಹೊಸೂರಿನ ಹಳೇಪೇಟೆಗೆ ಇನ್ನೂ ಬೆಳಕು ಹರಿದಿಲ್ಲ. ತಿಂಗಳ ಮೊದಲ ಭಾನುವಾರ. ಅಂಜಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ಕಬ್ಬಿಣದ ಬ್ಯಾರಿಕೇಡುಗಳನ್ನು ಬೀದಿಗೆ ಅಡ್ಡಲಾಗಿ ಎಳೆಯುತ್ತಿದ್ದಾರೆ. ಜನ ನಡೆದಾಡಲೆಂದು ತಿಂಗಳಿಗೊಮ್ಮೆ ಈ ದಿನ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಇಲ್ಲಿ ಸೈಕಲ್ ಬಿಟ್ಟರೆ ಬೇರೆ ಗಾಡಿ ಬರುವಂತಿಲ್ಲ. ಎಂಟು ಬ್ಯಾರಿಕೇಡು ಇಟ್ಟ ಮೇಲೆಯೇ ಅವರು ಪೊರಕೆ ಹಿಡಿಯುವುದು.

ಮತ್ತಿಗಿರಿಯ ಅಂಜಮ್ಮನಿಗೆ ಐವತ್ತಮೂರು. ಗುತ್ತಿಗೆಯ ಪೌರಕಾರ್ಮಿಕೆ. ದಿನಕ್ಕೆ ಒಂದೂವರೆ ಕಿಲೋಮೀಟರ್ ಗುಡಿಸಬೇಕು, ಇಪ್ಪತ್ತು ಬುಟ್ಟಿ ಕಸ ಎತ್ತಬೇಕು. ಹತ್ತೊಂಬತ್ತು ವರ್ಷದಿಂದ ಇದೇ ಬೀದಿ. ಒಮ್ಮೆ ಟೆಂಪೊ ತಗುಲಿ ಎಡಗೈ ಮುರಿದ ಮೇಲೆ ಅವರು ಗಾಡಿಗಳಿಗೆ ಬೆನ್ನು ಕೊಟ್ಟು ಗುಡಿಸಿದ್ದಿಲ್ಲ.

ಹೋದ ವರ್ಷ ಮೊದಲ ಸಲ ಬೀದಿ ಮುಚ್ಚಿದಾಗ ಅವರಿಗೆ ಗಾಬರಿಯಾಗಿತ್ತು. “ಯಾರೋ ದೊಡ್ಡೋರು ಹೋಗ್ಬುಟ್ಟವ್ರೆ ಅಂದ್ಕೊಂಡೆ. ಇಲ್ದಿದ್ರೆ ಪ್ಯಾಟೆ ಬೀದಿ ಹಿಂಗೆ ಸುಮ್ಕಿರ್ತದಾ?”

ಅವರು ನಿಜವಾಗಿ ಬೆಚ್ಚಿಬಿದ್ದದ್ದು ಆಮೇಲೆ. ಒಂದು ಮನೆಯಿಂದ ಎಪ್ಪತ್ತೆಂಟರ ಮುತ್ತರಾಯಪ್ಪ ವಾಕರ್ ಊರಿಕೊಂಡು ಹೊರಬಂದರು. ಒಂದೊಂದೇ ಹೆಜ್ಜೆಯಿಟ್ಟು ಬೀದಿ ದಾಟಿದರು. ಎದುರು ಮನೆಯ ಬಾಗಿಲಲ್ಲಿ ಎಂಬತ್ತರ ಅಕ್ಕಯಮ್ಮ ಎರಡೂ ಕೈ ಚಾಚಿ ಕೂತಿದ್ದರು. ಇಬ್ಬರೂ ತಬ್ಬಿಕೊಂಡು ಗಟ್ಟಿಯಾಗಿ ಅತ್ತರು. ಒಡಹುಟ್ಟಿದವರು. ಬೀದಿ ದಾಟುವಾಗ ಬೈಕು ಬಡಿದು ತಮ್ಮನ ಸೊಂಟ ಮುರಿದಿತ್ತು, ಅಕ್ಕನಿಗೆ ಮಂಡಿ ನೋವಿನಿಂದ ಏಳಲಾಗುತ್ತಿರಲಿಲ್ಲ. ನಡುವೆ ಇದ್ದದ್ದು ಮೂವತ್ತು ಹೆಜ್ಜೆ. ಗಾಡಿಗಳ ನಡುವೆ ವಾಕರ್ ಊರಿ ದಾಟಲಾಗದೆ ನಾಲ್ಕು ವರ್ಷ ಒಬ್ಬರನ್ನೊಬ್ಬರು ಮುಟ್ಟಿರಲಿಲ್ಲ.

“ಇಬ್ರೂ ಕಿಟಕೀಲಿ ಕೈ ಆಡಿಸೋರು. ನಂಗೇ ಆಡಿಸ್ತವ್ರೆ ಅಂತ ನಾನೂ ಆಡಿಸ್ತಿದ್ದೆ ಕಣಣ್ಣ. ನಾಕ್ ವರ್ಷ!” ಅಂಜಮ್ಮ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ.

ಈ ಮಳೆಗಾಲದಲ್ಲಿ ಒಬ್ಬ ಬ್ಯಾರಿಕೇಡು ಸರಿಸಿ ಕಾರು ನುಗ್ಗಿಸಿದ. ಮುತ್ತರಾಯಪ್ಪ ನಡುಬೀದಿಯಲ್ಲಿದ್ದರು. ಅಂಜಮ್ಮ ಪೊರಕೆ ಎಸೆದು ಓಡಿಹೋಗಿ ಕಾರಿಗೆ ಎದುರಾಗಿ ನಿಂತರು. ಬಂಪರು ಮೊಣಕಾಲಿಗೆ ತಾಗಿ ನಿಂತಿತು. “ವಳಿ ವಿಡುಮ್ಮಾ!” ದಾರಿ ಬಿಡೆಂದು ಅವನು ತಮಿಳಿನಲ್ಲಿ ಅರಚಿದ. ಅಂಜಮ್ಮ ಕದಲಲಿಲ್ಲ. ವಾಕಿಂಗಿಗೆ ಬಂದವರು ಒಬ್ಬೊಬ್ಬರಾಗಿ ಅವರ ಪಕ್ಕ ನಿಂತ ಮೇಲೆ ಕಾರು ಹಿಂದಕ್ಕೆ ಹೋಯಿತು. ಅಂಜಮ್ಮ ಹೋಗಿ ಎಸೆದ ಪೊರಕೆ ಎತ್ತಿಕೊಂಡರು.

“ಗಾಡಿ ಕಂಡ್ರೆ ಚರಂಡಿಗೆ ಹಾರ್ತಿದ್ದೋಳು ನಾನು. ನಾನೇ ನಿಂತ್ನಾ ಅಂತ ಇವತ್ತೂ ನಂಬ್ಕೆ ಬರಲ್ಲ.”

ಆಸೆ ಏನಾದರೂ ಇದೆಯೇ ಎಂದರೆ ಸಂಬಳದ ಮಾತೆತ್ತುವುದಿಲ್ಲ. ಎದುರು ಮನೆಯ ಜಗಲಿಯತ್ತ ನೋಡುತ್ತಾರೆ. ಅಕ್ಕ ತಮ್ಮ ಒಂದೇ ಲೋಟದ ಕಾಫಿ ಹಂಚಿಕೊಳ್ಳುತ್ತಿದ್ದಾರೆ.

“ಪೇಪರ್ನೋರು ನೀವೇ ಒಂದ್ ಮಾತು ಬರೀರಣ್ಣ, ವಾರವಾರ ಮುಚ್ಲಿ ಅಂತ. ಬ್ಯಾರಿಕೇಡು ನಾನೇ ಎಳೀತೀನಿ. ಆಯಮ್ಮಂಗೆ ಎಂಬತ್ತೊಂದು. ತಿಂಗ್ಳಿಗೊಂದ್ ಕಿತ ಅಂದ್ರೆ, ಇನ್ನೆಷ್ಟ್ ಕಿತ ಸಿಕ್ತಾರೆ ಹೇಳಿ?”