ಶಾಂತಾ ನೋಡಿದ ಬೆಂಕಿ

ಇವತ್ತ ಫೋನಿನ್ಯಾಗ ಒಂದು ವಿಡಿಯೋ ಬಂತು. ಪರದೇಶದ ಯುದ್ಧವಿಮಾನ ಹಾರಿಕೋತ ತನ್ನ ಎಣ್ಣಿ ಆಕಾಶದಾಗ ಸುರುವಿ, ಅದಕ್ಕ ಬೆಂಕಿ ಹಚ್ಚಿಕೊಂಡು ಹೊಂಟಿತ್ತು. ನೋಡಿದ್ದ ತಡ, ಶಹಾಪುರದ ನಮ್ಮ ಮನಿ ಚಿಮಣಿ ಎಣ್ಣಿ ವಾಸನಿ ಮೂಗಿಗೆ ಬಡೀತು.

ನಾವಿಬ್ಬರೂ ಸಾಲಿಗೆ ಹೋಗೂವಾಗ ಕಾಕಾನ ಮಗಳು ಶಾಂತಾ ಬೆಂಗಳೂರಾಗ ವಿಮಾನದ ಆಟ ನೋಡಿ ಬಂದಿದ್ಲು. ಆಕಿ ಸೋದರಮಾವ ಅಲ್ಲಿದ್ದ. ನನ್ನ ಸೋದರಮಾವ ತಿಂಥಣಿ ಹೊಳ್ಯಾಗ ಮೀನ ಹಿಡೀತಿದ್ದ.

"ಬಾಲದಾಗಿಂದ ಬೆಂಕಿ ಬರ್ತಿತ್ತು ಆಯಿ," ಅಂತ ಅಜ್ಜಿ ಮುಂದ ಕುಂತು, ಓಣಿಗೆಲ್ಲ ಕೇಳುವಂಗ ಹೇಳಾಕತ್ತಿದ್ಲು.

"ಅಷ್ಟು ಎಣ್ಣಿ ಸುಡಾಕ ಅವರ ಮನ್ಯಾಗ ಹಿರ್ಯಾರ ಇಲ್ಲೇನು?" ಅಂದ್ಲು ಆಯಿ.

ನಾ ಓದಾಕ ಕುಂತ್ರ ಕಂದೀಲಿನ ಬತ್ತಿ ಕೂದಲೆಳಿಯಷ್ಟೂ ಏರಸಗೊಡದಾಕಿ, ಅವತ್ತ ತಾನ ಏರಿಸಿ ಕೇಳಿದ್ಲು: "ಇಷ್ಟಿತ್ತೇನವ್ವ ಬೆಂಕಿ?"

"ಇದಕ್ಕಿಂತ ದೊಡ್ಡದಿತ್ತು."

ಆಯಿ ಇನ್ನಾ ಏರಿಸಿದ್ಲು. ಗಾಜು ಕರ್ರಗಾತು. ಮರುದಿನ ಮುಂಜಾನಿ ಬೂದಿ ಹಚ್ಚಿ ಅದನ್ನ ತಿಕ್ಕಿದಾಕಿ ನಾನು. ವಿಮಾನ ಆಕಿಗೆ, ಮಸಿ ನನಗ.

ಈಗ ಇಬ್ಬರಿಗೂ ಮೊಮ್ಮಕ್ಕಳವ. ವಿಡಿಯೋ ಶಾಂತಾಗ ಕಳಿಸಿ, "ನೀ ನೋಡಿದ್ದು ಹಿಂಗ ಇತ್ತೇನು?" ಅಂತ ಕೇಳಿದೆ. ತಟ್ಟನೆ ಉತ್ತರ ಬಂತು.

"ಇದಕ್ಕಿಂತ ದೊಡ್ಡದಿತ್ತು."

ಫೋನ್ ಬೋರಲ ಹಾಕಿ ಕುಂತೀನಿ. ಹೊಟ್ಟಿ ಅವತ್ತಿಗಿಂತ ಹೆಚ್ಚ ಉರಿಯಾಕತ್ತದ.