ಮಗಳಿಗೆಂದು ಆರಿಸಿದ ಪೇಸ್ಟು

ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ನನ್ನ ಹಳೆಯ ಚಾಳಿ. ಅಥಣಿ ಕಡೆಯ ತವರಿನಲ್ಲಿ ಬೋರಿನ ನೀರು ಕುಡಿದು ಬೆಳೆದವಳು ನಾನು. ಹಲ್ಲಿನ ಮೇಲೆ ಕಂದು ಪಟ್ಟೆಗಳಿವೆ. ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಎಂದು ಗೊತ್ತಾಗುವಷ್ಟರಲ್ಲಿ ಮದುವೆಯಾಗಿ ನಿಪ್ಪಾಣಿಗೆ ಬಂದಾಗಿತ್ತು. ಆ ಪೀಡೆ ನನ್ನ ಮಗಳ ಬಾಯಿಗೆ ಮಾತ್ರ ಹೋಗಕೂಡದು ಎಂದು ಅವಳಿಗೆ ಹಲ್ಲು ಬಂದಾಗಲೇ ಹಟ ಹಿಡಿದಿದ್ದೆ.

ಅಂಗಡಿಯಲ್ಲಿ ಪೇಸ್ಟಿನ ಡಬ್ಬಿ ತಿರುಗಿಸಿ, ಇರುವೆಯಂಥ ಅಕ್ಷರಗಳನ್ನೆಲ್ಲ ಓದುತ್ತಿದ್ದೆ. ಪ್ರಾಥಮಿಕ ಶಾಲೆಯ ಶಿಕ್ಷಕಿ ನೋಡಿ, ಅದೊಂದು ಜಂಬ. "ಬಾಯಾರ, ಪೇಸ್ಟ್ ತಗೋಳಾಕತ್ತೀರೋ, ಪರೀಕ್ಷಾ ಬರ್ಯಾಕತ್ತೀರೋ?" ಎಂದು ಅಂಗಡಿಯವನು ಕಾಡುತ್ತಿದ್ದ. ಕೊನೆಗೆ ಲವಂಗ, ಪುದೀನ ಇರುವ, ಫ್ಲೋರೈಡ್ ಇಲ್ಲದ ಪೇಸ್ಟನ್ನೇ ಆರಿಸುತ್ತಿದ್ದೆ.

ಮಗಳಿಗೆ ಆರು ತುಂಬುವಾಗ ಎರಡು ದವಡೆ ಹಲ್ಲುಗಳಲ್ಲಿ ಕಪ್ಪು ತೂತು ಬಿದ್ದವು. ಅತ್ತು ಅತ್ತು ಮನೆ ಎತ್ತಿ ಹಾಕುತ್ತಿದ್ದಳು. ನನಗೆ ರಜೆ ಸಿಗದೆ, ಒಂದು ವಾರ ಅವಳನ್ನು ಅತ್ತೆಯ ಹತ್ತಿರ ಬಿಟ್ಟು ಶಾಲೆಗೆ ಹೋದೆ. ಮಗಳ ಬಾಯಲ್ಲಿ ಅವರು 'ಆಯಿ'. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಹೆಂಗಸು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದ ಮಿಶ್ರಿಯನ್ನು ದಿನಾ ಬೆಳಿಗ್ಗೆ ಹಲ್ಲಿಗೆ ತಿಕ್ಕುತ್ತಿದ್ದರು. ನಾನು ಮುಖ ಸಿಂಡರಿಸಿದರೆ, "ಇದನ್ನ ಹಚ್ಚಲಿಲ್ಲಂದ್ರ ನನಗ ಹೊಟ್ಟಿ ಸಾಫ್ ಆಗೂದಿಲ್ಲ, ತಲಿ ಗರ್ ಅಂತೈತಿ" ಎನ್ನುತ್ತಿದ್ದರು.

ಆ ವಾರ ಮಗಳ ಅಳು ನಿಂತಿತು. ಲವಂಗದ ಪೇಸ್ಟು ಕೆಲಸ ಮಾಡಿತು ಎಂದು ಹಿಗ್ಗಿದೆ, ಮಳ್ಳಿ! ಸಂಜೆ ನಾನು ಬರುವಾಗ ಕೂಸು ಮಂಕಾಗಿ ಗೋಡೆಗೆ ಒರಗಿರುತ್ತಿತ್ತು. ರೊಟ್ಟಿ ದೂಡುತ್ತಿತ್ತು. ಮುದ್ದಿಸಿದರೆ ಬಾಯಿಂದ ತಂಬಾಕಿನ ವಾಸನೆ. ಆದರೆ ಮನೆಮನೆಯಲ್ಲೂ ಬೀಡಿ ಕಟ್ಟುವ ನಮ್ಮ ಓಣಿಯಲ್ಲಿ ಹಾಸಿಗೆಗೂ ಅದೇ ವಾಸನೆ, ಮಕ್ಕಳ ಪಾಟಿಚೀಲಕ್ಕೂ ಅದೇ ವಾಸನೆ. ನನ್ನ ಮೂಗು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಮುಂದೆ ಒಂದೆರಡು ತಿಂಗಳಿಗೆ ಮಗಳ ಗಲ್ಲ ಬಾತುಕೊಂಡಿತು. ಚಿಕ್ಕೋಡಿಯ ಹಲ್ಲಿನ ಡಾಕ್ಟರ ಹತ್ತಿರ ಓಡಿದೆ. ಯಾವ ಪೇಸ್ಟು ಎಂದು ಕೇಳಿದರು.

"ಫ್ಲೋರೈಡ್ ಇಲ್ಲದ್ದ ನೋಡೇ ತರ್ತೀನ್ರಿ," ಎಂದೆ, ಹೆಮ್ಮೆಯಿಂದ.

ಅವರು ನನ್ನ ಹಲ್ಲು ನೋಡಿದರು. "ನಿಮ್ಮ ಹಲ್ಲ ಕೆಡಿಸಿದ್ದು ಕುಡಿಯೋ ನೀರ್ರಿ ಬಾಯಾರ. ಪೇಸ್ಟ್ ಉಗುಳೂದೈತಿ, ನುಂಗೂದಲ್ಲ. ಮಕ್ಕಳ ಹಲ್ಲ ಹುಳಕ ಆಗಬಾರದಂದ್ರ ಫ್ಲೋರೈಡ್ ಬೇಕ. ಬಟಾಣಿ ಕಾಳಿನಷ್ಟ ಹಚ್ಚಿ, ನೀವ ಮುಂದ ನಿಂತು ತಿಕ್ಕಿಸ್ರಿ."

ಆಮೇಲೆ ಮಗಳ ಒಸಡಿಗೆ ಬೆಳಕು ಹಿಡಿದು ಬಹಳ ಹೊತ್ತು ನೋಡಿದರು. "ಮನ್ಯಾಗ ಯಾರರೆ ಮಿಶ್ರಿ ಹಚ್ತಾರೇನ್ರಿ?"

ನಾನು ಬಗ್ಗಿ ಮಗಳ ಬಾಯಿ ಮೂಸಿದೆ.

ಮನೆಗೆ ಬಂದು ಕೇಳಿದರೆ ಅತ್ತೆ ಮುಚ್ಚಿಡಲಿಲ್ಲ. "ಕೂಸ ಅಳಾಕತ್ತಿತ್ತು. ಚಿಟಿಕಿ ಹಚ್ಚಿದೆ, ಗಪ್ಪ ಆತು. ಆಮ್ಯಾಲ ತಾನ ಬೇಡಾಕ ಹತ್ತಿತು. ನೀ ತಂದ ಪೇಸ್ಟ್ ಏನ್ ಕಿಸೀತು ಹೇಳ?" ಎಂದರು. ಬಾಯಿಗೆ ಬಂದಂತೆ ಬೈದೆ. ಆದರೆ ಇಬ್ಬರೂ ಸೇರಿಯೇ ಕೂಸಿನ ಬಾಯಿ ಕೆಡಿಸಿದ್ದೆವು. ಇನ್ನು ಮುಟ್ಟಿಸುವುದಿಲ್ಲ ಎಂದು ಅವರು ಮಗಳ ತಲೆ ಮುಟ್ಟಿ ಆಣೆ ಮಾಡಿ, ಮಿಶ್ರಿಯ ಡಬ್ಬಿಯನ್ನು ಸೊಂಟದ ಚೀಲಕ್ಕೆ ಸೇರಿಸಿದರು.

ಹೊಸ ಪೇಸ್ಟು ಬಂತು. ಮೂರನೆಯ ದಿನ ಬೆಳಿಗ್ಗೆ ಬಚ್ಚಲ ಮುಂದೆ ನಿಂತು ತಿಕ್ಕಿಸುತ್ತಿದ್ದೆ. ಮಗಳು ಬ್ರಷ್ ಎಸೆದು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕುಕ್ಕರಿಸಿದಳು.

"ಹಲ್ಲ ನೋಯಾಕತ್ತೈತೇನ, ನನ್ನವ್ವಾ?"

ಇಲ್ಲವೆಂದು ತಲೆ ಅಲ್ಲಾಡಿಸಿದಳು. ತುಟಿಯ ಮೇಲೆ ಬಿಳಿ ನೊರೆ ಹಾಗೇ ಇತ್ತು.

"ಆಯಿ ಡಬ್ಬಿ ಕೊಡ ಅವ್ವಾ. ಅದನ್ನ ಹಚ್ಚಲಿಲ್ಲಂದ್ರ ನನಗ ಹೊಟ್ಟಿ ಸಾಫ್ ಆಗೂದಿಲ್ಲ, ತಲಿ ಗರ್ ಅಂತೈತಿ."

ಹಿಂದೆ ಕಟ್ಟೆಯ ಮೇಲೆ ಮಿಶ್ರಿ ತಿಕ್ಕುತ್ತ ಕೂತಿದ್ದ ಅತ್ತೆಗೂ ಅದು ಕೇಳಿಸಿತು. ಬಾಯಿಯೊಳಗಿನ ಬೆರಳನ್ನು ಅವರು ಹೊರಗೆ ತೆಗೆಯಲಿಲ್ಲ.