ಸೂಜಿಯಕ್ಕನ ಎಡಗೈ

ರಕ್ತ ತೆಗೆಯುವುದರಲ್ಲಿ ಆಕೆಯದು ಎತ್ತಿದ ಕೈ. ಇಪ್ಪತ್ತಾರು ವರ್ಷದಿಂದ ಅದೇ ಲ್ಯಾಬು, ಕಿಟಕಿ ಪಕ್ಕದ ಅದೇ ಕುರ್ಚಿ. ಸೂಜಿ ಕಂಡರೆ ಬೆವರುವ ಗಂಡಸರನ್ನು ಮಾತಿಗೆಳೆದು, ಅವರು ಉತ್ತರ ಕೊಡುವಷ್ಟರಲ್ಲಿ ಕೊಳವೆ ತುಂಬಿಸಿಬಿಡುತ್ತಿದ್ದಳು. ಎಲ್ಲರ ಬಾಯಲ್ಲೂ ಆಕೆ ಸೂಜಿಯಕ್ಕ. ಆದರೆ ತನ್ನ ಮೈಗೆ ಬೇರೆಯವರ ಸೂಜಿ ತಾಗಗೊಡುತ್ತಿರಲಿಲ್ಲ. ಎಡತೋಳಿಗೆ ರಬ್ಬರ್ ಪಟ್ಟಿ ಸುತ್ತಿ, ತುದಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿದು, ಬಲಗೈಯಿಂದ ತಾನೇ ತೆಗೆದುಕೊಳ್ಳುವಳು. ಎದುರು ಕುರ್ಚಿಯ ಸಹೋದ್ಯೋಗಿಗೆ ಆಕೆ ಇಟ್ಟ ಹೆಸರು ಗುದ್ದಲಿ. "ಇವನು ರಕ್ತ ತೆಗೆಯಲ್ಲ, ಬಾವಿ ತೋಡ್ತಾನೆ" ಎಂದು ಅವನೆದುರೇ ಹೇಳುವಳು. ಪಾಪ, ಅವನು ನಕ್ಕು ಮುಂದಿನವರನ್ನು ಕರೆಯುವನು.

ಐವತ್ತಕ್ಕೆ ಮುಟ್ಟು ನಿಂತಿತು. ಡಾಕ್ಟರಮ್ಮ ಕೊಟ್ಟ ಹಾರ್ಮೋನ್ ಔಷಧಿಯಿಂದ ಮೈ ಬಿಸಿಯೇರುವುದು ನಿಂತಿತು, ನಿದ್ದೆಯೂ ಬಂತು. ಆದರೆ ಗಂಡನ ಕೈ ಹೆಗಲ ಮೇಲೆ ಬಿದ್ದರೆ ಮರದ ಕೊರಡಿನ ಮೇಲೆ ಬಿದ್ದಂತೆ. ಗಂಡ ಪುಸ್ತಕಕ್ಕೆ ರಟ್ಟು ಕಟ್ಟುವವನು, ಮಾತು ಕಡಿಮೆ. ಒಂದು ದಿನ "ಕೆಮ್ಮು ಕಣೇ, ನಿನ್ನ ನಿದ್ದೆ ಕೆಡುತ್ತೆ" ಎಂದು ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಹೊರಗಿನ ಕೋಣೆಗೆ ಹೋದವನು ಅಲ್ಲೇ ಉಳಿದ. ಆಕೆಗೆ ದುಃಖವಾಯಿತು. ಅವನಿಗಾಗಿ ಅಲ್ಲ; ಮೈಯ ಆ ಆಸೆ ಆಕೆಗೇ ಬೇಕಿತ್ತು. ಇದನ್ನು ಡಾಕ್ಟರಮ್ಮನೆದುರು ಬಾಯಿ ಬಿಟ್ಟು ಹೇಳಲು ಒಂದು ವರ್ಷ ಹಿಡಿಯಿತು.

"ಇದು ಟೆಸ್ಟೋಸ್ಟೆರಾನ್ ಜೆಲ್ಲು" ಎಂದರು ಡಾಕ್ಟರಮ್ಮ. "ಗಂಡಸರ ಹಾರ್ಮೋನ್ ಅಂತ ಹೆದರಬೇಡಿ, ಹೆಂಗಸರ ಮೈಯಲ್ಲೂ ಸ್ವಲ್ಪ ಇರುತ್ತೆ. ದಿನಾ ಬೆಳಿಗ್ಗೆ ಬಟಾಣಿಯಷ್ಟು, ತೊಡೆಗೆ. ಆದ್ರೆ ಆಗಾಗ ರಕ್ತ ನೋಡ್ತಿರಬೇಕು. ಮಿತಿ ದಾಟಿದ್ರೆ ಗಲ್ಲದಲ್ಲಿ ಕೂದಲು ಬರಬಹುದು, ದನಿ ದಪ್ಪ ಆಗಬಹುದು. ಆ ದನಿ ಮತ್ತೆ ಸರಿಹೋಗುತ್ತೆ ಅಂತ ಹೇಳಕ್ಕಾಗಲ್ಲ."

ಆರು ವಾರದ ಪರೀಕ್ಷೆ ಸರಿಯಿತ್ತು. ನಾಲ್ಕನೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಆಕೆಯೇ ಹೋಗಿ ಗಂಡನ ಕೈಯಿಂದ ಗೋಂದಿನ ಕುಂಚ ಕಿತ್ತಿಟ್ಟಳು. ಯಾರೂ ಕರೆಯದೆ ದಿಂಬು ಒಳಗೆ ಬಂತು. ಕೆಮ್ಮು ಎತ್ತ ಹೋಯಿತೋ, ಇಬ್ಬರೂ ವಿಚಾರಿಸಲಿಲ್ಲ.

ಆರು ತಿಂಗಳ ಪರೀಕ್ಷೆಗೂ ಆಕೆ ಎಂದಿನಂತೆ ತನ್ನ ರಕ್ತ ತಾನೇ ತೆಗೆದಳು. ವರದಿ ಬಂತು: ಮಿತಿಗಿಂತ ಆರು ಪಟ್ಟು. ಡಾಕ್ಟರಮ್ಮ ಆಕೆಯ ಗಲ್ಲವನ್ನು ಬೆಳಕಿಗೆ ಹಿಡಿದು ನೋಡಿದರು.

"ಕೂದಲಿಲ್ಲ, ಮೊಡವೆ ಇಲ್ಲ, ದನಿ ಹಾಗೇ ಇದೆ. ಜಾಸ್ತಿ ಹಚ್ತಿದ್ದೀರಾ?"

"ಒಂದು ಸಾಸಿವೆಯಷ್ಟೂ ಇಲ್ಲ ಮೇಡಂ."

"ಆಶ್ಚರ್ಯ. ಆದ್ರೂ ಈ ಅಂಕಿ ನೋಡಿಕೊಂಡು ಸುಮ್ನೆ ಕೂರಕ್ಕಾಗಲ್ಲ. ಸದ್ಯಕ್ಕೆ ನಿಲ್ಲಿಸಿ."

ಸಂಜೆ ಗಂಡನಿಗೆ ಹೇಳಿದಳು. ಅವನು ಕೈ ತೊಳೆದು ಬಂದು, ಒಮ್ಮೆ ಕೆಮ್ಮಿ, ದಿಂಬು ಎತ್ತಿಕೊಂಡು ಹೊರಗಿನ ಕೋಣೆಗೆ ನಡೆದ. ಆಕೆಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಹಣ್ಣಿನ ಅಂಗಡಿಯವನೊಬ್ಬ ಸಕ್ಕರೆ ಪರೀಕ್ಷೆಗೆ ಬಂದ. ಬೆರಳು ಚುಚ್ಚಿ ನೋಡಿದರೆ ಅಂಕಿ ಗಗನಕ್ಕೇರಿದೆ. ಅವನ ಮುಖ ಬಿಳುಚಿತು.

"ಬರೋ ಮುಂಚೆ ಏನು ಕತ್ತರಿಸಿದ್ರಿ?"

"ಪಪ್ಪಾಯಿ ಅಕ್ಕ."

"ಅದು ನಿಮ್ಮ ಸಕ್ಕರೆ ಅಲ್ಲಣ್ಣ, ಪಪ್ಪಾಯಿದು. ಸೋಪು ಹಾಕಿ ತೊಳ್ಕೊಂಡು ಬನ್ನಿ" ಎಂದು ಬೈದು ಕಳಿಸಿದವಳು ಹಾಗೆಯೇ ಕುರ್ಚಿಗೆ ಅಂಟಿಕೊಂಡಳು.

ತೊಡೆಗೆ ಹಚ್ಚಿದರೆ ಬಟ್ಟೆಗೆ ಅಂಟದಂತೆ ಒಣಗುವ ತನಕ ಕಾಯಬೇಕು, ಬೆಳಗಿನ ಬಸ್ಸು ಕಾಯುವುದಿಲ್ಲ. ಅದಕ್ಕೇ ಎರಡು ತಿಂಗಳಿಂದ ಆಕೆ ಜೆಲ್ಲನ್ನು ಎಡ ಮೊಣಕೈಯ ಒಳಮಡಿಕೆಗೆ ಉಜ್ಜುತ್ತಿದ್ದಳು. ಅಲ್ಲಿ ಚರ್ಮ ತೆಳು, ಔಷಧಿ ಸಲೀಸಾಗಿ ಇಳಿಯುತ್ತದೆ ಎಂಬ ಪಾಂಡಿತ್ಯ ಬೇರೆ. ಸೂಜಿ ಹೋಗಿದ್ದೂ ಅದೇ ಮಡಿಕೆಗೆ. ಚರ್ಮದ ಮೇಲಿನ ಜೆಲ್ಲೇ ಕೊಳವೆಗೆ ಇಳಿದು ಅಂಕಿ ಏರಿಸಿತ್ತು. ಊರಿಗೆಲ್ಲ ಕೈ ತೊಳೆಯಿರಿ ಎನ್ನುವವಳು ತನ್ನ ತೋಳನ್ನು ಮರೆತಿದ್ದಳು.

ಫೋನಿನಲ್ಲಿ ಡಾಕ್ಟರಮ್ಮ ಮೊದಲು ನಕ್ಕರು, ಆಮೇಲೆ ಗದರಿದರು. "ಮತ್ತೆ ಶುರು ಮಾಡಿ, ಆದ್ರೆ ತೊಡೆಗೇ ಹಚ್ಚಿ. ಮೂರು ವಾರ ಬಿಟ್ಟು ಬಲತೋಳಿನ ರಕ್ತ ತೆಗೆಸಿ. ಬೇರೆಯವರ ಕೈಲಿ."

ಗಂಡನಿಗೆ ಆಕೆ ಏನೂ ಹೇಳಲಿಲ್ಲ. ತನ್ನ ಊಹೆ ತಪ್ಪಾಗಿದ್ದರೆ ಅವನಿಗೆ ಎರಡನೇ ಸಲ ಹೇಳುವ ಧೈರ್ಯವಿರಲಿಲ್ಲ. ಮೂರು ವಾರ ಕಳೆದ ಮೇಲೆ ಗುದ್ದಲಿಯೆದುರು ಕೂತು ಬಲಗೈ ಚಾಚಿ ಕಣ್ಣು ಮುಚ್ಚಿದಳು.

"ತೋಡು ಮಾರಾಯ."

"ಆಗ್ಲೇ ಆಯ್ತಕ್ಕ. ಹತ್ತಿ ಒತ್ತಿಟ್ಕೊಳ್ಳಿ."

ಚುಚ್ಚಿದ್ದು ಗೊತ್ತೇ ಆಗಿರಲಿಲ್ಲ. ಆ ದಿನದಿಂದ ಅವನನ್ನು ಗುದ್ದಲಿ ಎನ್ನುವುದನ್ನು ಬಿಟ್ಟಳು.

ಅಂಕಿ ಮಿತಿಯೊಳಗೇ ಇತ್ತು. ಸಂಜೆ ಮನೆಗೆ ಬಂದವಳೇ ಹೊರಕೋಣೆಯ ದಿಂಬನ್ನು ತಂದು ಒಳಗೆ ಹಾಕಿದಳು. ಗಂಡ ಬಾಗಿಲಲ್ಲಿ ನಿಂತು ನೋಡಿ ಗಂಟಲು ಸರಿಮಾಡಿಕೊಂಡ.

"ಕೆಮ್ಮು..."

"ಲ್ಯಾಬಲ್ಲಿ ದಿನಾ ಕೆಮ್ಮು ಕೇಳೋಳು ನಾನು. ನಿಮ್ಮದು ಕೆಮ್ಮೇ ಅಲ್ಲ ಬಿಡ್ರೀ."

ಅವನು ಬೆರಳಿಗಂಟಿದ ಗೋಂದನ್ನು ಸುಲಿಯುತ್ತ ನಿಂತ. "ಬೇಡ ಅಂತ ಹೇಳಕ್ಕೆ ನಿನಗೆ ಕಷ್ಟ ಆಗ್ತಿತ್ತಲ್ಲ" ಎಂದ. "ಅದಕ್ಕೇ ನಾನೇ ಕೆಮ್ತಿದ್ದೆ."

ಅವಳು ವರದಿಯನ್ನು ಅವನ ಕೈಗೆ ಕೊಟ್ಟಳು. ಅವನಿಗೆ ಅದು ಅರ್ಥವಾಗಲಿಲ್ಲ. ಅವಳು ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಿ ಹೇಳಿದಳು.